ಕ್ರೋಮಿಯಂ ಗುಳಿಗೆ: ಹೆಸರು ಹಲವು, ನಿವ್ವಳ ಎಷ್ಟು?

ಮುಂಬಯಿ ಮತ್ತು ಉಪನಗರಗಳ ಕನ್ನಡ ಸಂಘ-ಸಂಸ್ಥೆಗಳಲ್ಲಿ ಉಚಿತ ಆರೋಗ್ಯ ತಪಾಸಣಾ ಶಿಬಿರ ನಡೆಯದ ವರ್ಷವಿಲ್ಲ. ವಾರ್ಷಿಕೋತ್ಸವ, ಅರಸಿನ ಕುಂಕುಮ, ಪ್ರತಿಭಾ ಪುರಸ್ಕಾರಗಳ ಸಾಲಿನಲ್ಲಿ ಅದೂ ಒಂದು ಖಾಯಂ ಕಾರ್ಯಕ್ರಮವಾಗಿದೆ. ಬೆರಳಿಗೆ ಸೂಜಿ ಚುಚ್ಚಿ ಸಕ್ಕರೆ ನೋಡುತ್ತಾರೆ, ರಕ್ತದೊತ್ತಡ ಅಳೆಯುತ್ತಾರೆ, ಚೀಟಿಯಲ್ಲಿ ಬರೆದು ಕೊಡುತ್ತಾರೆ. ಇದು ಸ್ತುತ್ಯರ್ಹ ಕೆಲಸ. ಆದರೆ ಇತ್ತೀಚೆಗೆ ಕೆಲವೆಡೆ ತಪಾಸಣೆಯ ಮೇಜಿನ ಪಕ್ಕದಲ್ಲೇ ಇನ್ನೊಂದು ಮೇಜು ಕಾಣಿಸಿಕೊಳ್ಳುತ್ತಿದೆ. ಅದರ ಮೇಲೆ ಡಬ್ಬಿಗಳು, ಡಬ್ಬಿಯ ಹಿಂದೆ ಸಂಘದವರೇ ಆದ ಪರಿಚಿತರು. ಚೀಟಿಯಲ್ಲಿ 210 ಎಂದು ಬರೆಸಿಕೊಂಡು ಗಾಬರಿಯಲ್ಲಿ ಎದ್ದು ಬಂದವರಿಗೆ ಅಲ್ಲಿ ಸಿಗುವ ಮೊದಲ ಮಾತು ಕ್ರೋಮಿಯಂ.

ಒಬ್ಬರ ಡಬ್ಬಿಯಲ್ಲಿರುವುದು ಕ್ರೋಮಿಯಂ ಪಿಕೊಲಿನೇಟ್, ಅದೇ ಶ್ರೇಷ್ಠ. ಇನ್ನೊಬ್ಬರದು ಪಾಲಿನಿಕೋಟಿನೇಟ್, ಪಿಕೊಲಿನೇಟ್ ಅಪಾಯ ಎನ್ನುತ್ತಾರೆ. ಮೂರನೆಯವರದು ಯೀಸ್ಟ್‌ನಲ್ಲಿ ಬೆಳೆಸಿದ 'ನೈಸರ್ಗಿಕ' ಕ್ರೋಮಿಯಂ. ಯಾವುದು ಒಳ್ಳೆಯದು ಎಂದು ಸದಸ್ಯರು ಪರಸ್ಪರ ಕೇಳಿಕೊಳ್ಳುತ್ತಿದ್ದಾರೆ. ಪ್ರಶ್ನೆ ಸಹಜವೇ. ಆದರೆ ಯಾವುದಾದರೂ ಬೇಕೇ ಎಂಬ ಪ್ರಶ್ನೆ ಅದಕ್ಕಿಂತ ಮೊದಲು ಬರಬೇಕಿತ್ತು.

ಕ್ರೋಮಿಯಂ ಎಂದರೆ ಅಡುಗೆಮನೆಯ ಸ್ಟೀಲ್ ಪಾತ್ರೆಗೆ ತುಕ್ಕು ಹಿಡಿಯದಂತೆ ನೋಡಿಕೊಳ್ಳುವ ಅದೇ ಲೋಹ. ಇದಕ್ಕೆ ಮುಖ್ಯವಾಗಿ ಎರಡು ಅವತಾರ. ಆರು ವೇಲೆನ್ಸಿಯದು ವಿಷ, ಕ್ಯಾನ್ಸರ್‌ಕಾರಕ. ತಮಿಳುನಾಡಿನ ರಾಣಿಪೇಟೆಯಲ್ಲಿ ಮುಚ್ಚಿಹೋದ ಕ್ರೋಮೇಟ್ ಕಾರ್ಖಾನೆಯ ತ್ಯಾಜ್ಯದ ರಾಶಿ ಅಂತರ್ಜಲ ಕೆಡಿಸಿದ್ದು ಇದರಿಂದಲೇ. ಮೂರು ವೇಲೆನ್ಸಿಯದು ಆಹಾರದಲ್ಲಿಯೂ ಗುಳಿಗೆಯಲ್ಲಿಯೂ ಇರುವಂಥದು. ಇಡೀ ಧಾನ್ಯ, ಬ್ರೊಕೊಲಿ, ಮಾಂಸ, ಕರಿಮೆಣಸು ಮೊದಲಾದವುಗಳಿಂದ ಅಲ್ಪಸ್ವಲ್ಪ ದೇಹ ಸೇರುತ್ತದೆ. ಹುಣಸೆಹುಳಿ, ಟೊಮೆಟೊ ಹಾಕಿದ ಸಾರು ಸ್ಟೀಲ್ ಪಾತ್ರೆಯಲ್ಲಿ ಕುದಿದಾಗ ಪಾತ್ರೆಯಿಂದಲೂ ಒಂದಿಷ್ಟು ಇಳಿಯುತ್ತದೆ. ಅಮೆರಿಕದ ತಜ್ಞರು 2001ರಲ್ಲಿ 50 ವರ್ಷದೊಳಗಿನ ಗಂಡಸರಿಗೆ ದಿನಕ್ಕೆ 35 ಮೈಕ್ರೋಗ್ರಾಂ, ಹೆಂಗಸರಿಗೆ 25 ಮೈಕ್ರೋಗ್ರಾಂ ಸಾಕೆಂದು ಅಂದಾಜಿಸಿದ್ದರು. ಒಂದು ಮೈಕ್ರೋಗ್ರಾಂ ಎಂದರೆ ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಪಾಲು.

ಈ ಲೋಹಕ್ಕೂ ಸಕ್ಕರೆ ಕಾಯಿಲೆಗೂ ನಂಟು ಬೆಳೆದದ್ದು ಹೀಗೆ. 1957ರಲ್ಲಿ ಅಮೆರಿಕದಲ್ಲಿ ಕ್ಲಾಸ್ ಶ್ವಾರ್ಟ್ಸ್ ಮತ್ತು ವಾಲ್ಟರ್ ಮೆರ್ಟ್ಸ್ ಎಂಬ ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ನಡೆಸಿ, ಸಕ್ಕರೆಯನ್ನು ಅರಗಿಸಿಕೊಳ್ಳಲು ನೆರವಾಗುವ ಒಂದು ಅಂಶ ಆಹಾರದಲ್ಲಿದೆ ಎಂದರು. 1959ರಲ್ಲಿ ಆ ಅಂಶದ ತಿರುಳು ಕ್ರೋಮಿಯಂ ಎಂದು ಹೇಳಿದರು. 1977ರಲ್ಲಿ ಕೆನಡಾದ ಟೊರಾಂಟೊದಿಂದ ಒಂದು ವರದಿ ಬಂತು. ಅದನ್ನು ಬರೆದ ತಂಡದ ಮುಖ್ಯಸ್ಥ ವೈದ್ಯರ ಉಪನಾಮ ಜೀಜೀಭಾಯ್, ಜೆ.ಜೆ. ಆಸ್ಪತ್ರೆಯ ದೆಸೆಯಿಂದ ಮುಂಬಯಿಯವರಿಗೆ ಅಪರಿಚಿತವಲ್ಲದ ಹೆಸರು. ಬಾಯಿಂದ ಆಹಾರ ತೆಗೆದುಕೊಳ್ಳಲಾಗದೆ ವರ್ಷಗಟ್ಟಲೆ ರಕ್ತನಾಳದ ಮೂಲಕವೇ ಪೋಷಣೆ ಪಡೆಯುತ್ತಿದ್ದ ಒಬ್ಬ ಮಹಿಳೆಗೆ ಮಧುಮೇಹದ ಲಕ್ಷಣಗಳು ಕಂಡವು, ತೂಕ ಇಳಿಯಿತು. ಆ ದ್ರವಕ್ಕೆ ಕ್ರೋಮಿಯಂ ಸೇರಿಸಿದ ಮೇಲೆ ಇನ್ಸುಲಿನ್ ಕೊಡುವ ಅಗತ್ಯವೇ ಉಳಿಯಲಿಲ್ಲ.

ಗುಳಿಗೆ ವ್ಯಾಪಾರದ ಕಟ್ಟಡ ನಿಂತಿರುವುದು ಈ ಅಡಿಪಾಯದ ಮೇಲೆ. ಆಕೆಗೆ ಕೊರತೆಯಿತ್ತು, ಕೊರತೆ ತುಂಬಿದಾಗ ಗುಣವಾಯಿತು. ಎರಡು ಹೊತ್ತು ಅನ್ನ, ಚಪಾತಿ, ಪಲ್ಯ ಉಣ್ಣುವವರಲ್ಲಿ ಅಂಥ ಕೊರತೆ ಇದೆಯೆಂದು ತೋರಿಸಲು ಸಾಮಾನ್ಯ ಪ್ರಯೋಗಾಲಯದಲ್ಲಿ ಭರವಸೆಯ ಪರೀಕ್ಷೆಯೂ ಇಲ್ಲ. ಅಲ್ಲದೆ 2014ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು ಕ್ರೋಮಿಯಂ ಮನುಷ್ಯನಿಗೆ ಅತ್ಯಗತ್ಯ ಪೋಷಕಾಂಶವೆನ್ನಲು ಮನದಟ್ಟಾಗುವ ಪುರಾವೆ ಇಲ್ಲವೆಂದು ತೀರ್ಮಾನಿಸಿ, ದಿನಕ್ಕೆ ಇಷ್ಟು ಬೇಕೆಂಬ ಪ್ರಮಾಣವನ್ನೇ ನಿಗದಿ ಮಾಡಲಿಲ್ಲ.

ಇನ್ನು ರೂಪಗಳ ವಿಚಾರ. ಕ್ರೋಮಿಯಂ ಕ್ಲೋರೈಡ್ ಹಳೆಯದು, ಅಗ್ಗದ್ದು. ಆದರೆ ಕರುಳು ಇದನ್ನು ಹೀರಿಕೊಳ್ಳುವುದು ನೂರಕ್ಕೆ ಅರ್ಧ ಪಾಲೂ ಇಲ್ಲ. ಪಿಕೊಲಿನೇಟ್‌ನಲ್ಲಿ ಲೋಹವನ್ನು ಪಿಕೊಲಿನಿಕ್ ಆಮ್ಲಕ್ಕೆ ಕಟ್ಟಿರುತ್ತಾರೆ. ಹೀರಿಕೆ ನೂರಕ್ಕೆ ಒಂದರಿಂದ ಮೂರರಷ್ಟು. ನಿಕೋಟಿನೇಟ್ ಅಥವಾ ಪಾಲಿನಿಕೋಟಿನೇಟ್‌ನಲ್ಲಿ ಜೊತೆಗಾರ ನಯಾಸಿನ್, ಅಂದರೆ ಬಿ3 ಜೀವಸತ್ವ. ತಮಾಷೆಯೆಂದರೆ ಪಿಕೊಲಿನಿಕ್ ಆಮ್ಲಕ್ಕೂ ನಿಕೋಟಿನಿಕ್ ಆಮ್ಲಕ್ಕೂ ಇರುವ ಪರಮಾಣುಗಳು ಒಂದೇ, ಲೆಕ್ಕವೂ ಒಂದೇ. ಉಂಗುರದಲ್ಲಿ ಒಂದು ಗುಂಪು ಕುಳಿತ ಜಾಗ ಮಾತ್ರ ಬೇರೆ. ಯೀಸ್ಟ್ ಕ್ರೋಮಿಯಂ ಎಂದರೆ ಕ್ರೋಮಿಯಂ ಬೆರೆಸಿ ಬೆಳೆಸಿದ ಯೀಸ್ಟ್. ಅದರೊಳಗೆ ಲೋಹ ಯಾವ ರೂಪದಲ್ಲಿದೆ ಎಂಬುದು ಒಂದು ತಯಾರಿಕೆಯಿಂದ ಇನ್ನೊಂದಕ್ಕೆ ಬದಲಾಗಬಹುದು. ಹೀಗಿರುವಾಗ ಅದನ್ನು 'ನೈಸರ್ಗಿಕ' ಎನ್ನುವುದು ಕಾರ್ಖಾನೆಯ ಉಪ್ಪಿನಕಾಯಿಯನ್ನು 'ಅಜ್ಜಿಯ ಕೈರುಚಿ' ಎಂದಂತೆ.

ಗ್ರಾಹಕರು ಎಡವುವುದು ಲೇಬಲ್ಲಿನಲ್ಲಿ. ಸಂಬಳದ ಚೀಟಿಯಲ್ಲಿ ಒಟ್ಟು ವೇತನ ಬೇರೆ, ಕೈಗೆ ಬರುವ ನಿವ್ವಳ ಬೇರೆ ಎಂಬುದು ಎಲ್ಲರಿಗೂ ಗೊತ್ತು. ಗುಳಿಗೆಯಲ್ಲಿಯೂ ಹಾಗೆಯೇ. ಕ್ರೋಮಿಯಂ ಪಿಕೊಲಿನೇಟ್‌ನ ತೂಕದಲ್ಲಿ ಕ್ರೋಮಿಯಂ ಇರುವುದು ಶೇ. 12.4 ಮಾತ್ರ, ಉಳಿದದ್ದು ಆಮ್ಲದ ಭಾರ. ಒಂದು ಡಬ್ಬಿಯ ಮೇಲೆ 'ಕ್ರೋಮಿಯಂ ಪಿಕೊಲಿನೇಟ್ 200 ಮೈಕ್ರೋಗ್ರಾಂ' ಎಂದಿದ್ದು ಅದು ಇಡೀ ಸಂಯುಕ್ತದ ತೂಕವಾಗಿದ್ದರೆ ಒಳಗಿರುವ ಕ್ರೋಮಿಯಂ ಸುಮಾರು 25 ಮೈಕ್ರೋಗ್ರಾಂ. ಇನ್ನೊಂದರ ಮೇಲೆ 'ಕ್ರೋಮಿಯಂ, ಪಿಕೊಲಿನೇಟ್ ರೂಪದಲ್ಲಿ, 200 ಮೈಕ್ರೋಗ್ರಾಂ' ಎಂದಿದ್ದರೆ ಪೂರ್ತಿ 200. ನೋಡಲು ಒಂದೇ ಅಂಕಿ, ವ್ಯತ್ಯಾಸ ಎಂಟು ಪಟ್ಟು! ಮಾಮೂಲಿ ಕ್ಲೋರೈಡ್‌ನಲ್ಲಿ ನೀರಿನಂಶವೂ ಸೇರಿರುವುದರಿಂದ ಲೋಹದ ಪಾಲು ಶೇ. 19.5. ಇಷ್ಟಾದ ಮೇಲೆ ಹೀರಿಕೆಯ ಕಡಿತ ಬೇರೆ ಇದೆ. ನಿಜವಾದ 200 ಮೈಕ್ರೋಗ್ರಾಂ ನುಂಗಿದರೂ ಕ್ಲೋರೈಡ್‌ನಿಂದ ರಕ್ತ ಸೇರುವುದು 1 ಮೈಕ್ರೋಗ್ರಾಮಿಗಿಂತ ಕಡಿಮೆ, ಪಿಕೊಲಿನೇಟ್‌ನಿಂದ 2ರಿಂದ 6. ಎರಡು ಡಬ್ಬಿಗಳ ಬೆಲೆ ಹೋಲಿಸುವವರು ಮೊದಲು ಈ ಲೆಕ್ಕ ಹಾಕಿಕೊಳ್ಳುವುದು ಒಳಿತು.

'ಹಾಗಾದರೆ ಪಿಕೊಲಿನೇಟ್ ಮೂರ್ನಾಲ್ಕು ಪಟ್ಟು ಉತ್ತಮವಲ್ಲವೇ?' ಎಂದು ಮಾರುವವರು ಹೇಳಬಹುದು. ಹೆಚ್ಚು ಹೀರಿಕೆಯಾಯಿತು ಎಂದ ಮಾತ್ರಕ್ಕೆ ಸಕ್ಕರೆ ಹೆಚ್ಚು ಇಳಿಯಿತು ಎಂದಾಗುವುದಿಲ್ಲ. ಅವರು ಎತ್ತಿ ತೋರಿಸುವುದು 1997ರ ಚೀನಾದ ಅಧ್ಯಯನವನ್ನು. 180 ಮಧುಮೇಹಿಗಳಿಗೆ ನಾಲ್ಕು ತಿಂಗಳು ಪಿಕೊಲಿನೇಟ್ ಅಥವಾ ಹುಸಿ ಗುಳಿಗೆ ಕೊಟ್ಟು ನೋಡಲಾಯಿತು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಹುಸಿ ಗುಳಿಗೆಯವರಲ್ಲಿ 8.5 ಇದ್ದರೆ, ದಿನಕ್ಕೆ 1000 ಮೈಕ್ರೋಗ್ರಾಂ ಪಡೆದವರಲ್ಲಿ 6.6 ಆಗಿತ್ತು. ಫಲಿತಾಂಶ ನಿಜಕ್ಕೂ ದೊಡ್ಡದು, ತಳ್ಳಿಹಾಕುವಂಥದಲ್ಲ. ಆದರೆ 2006ರಲ್ಲಿ ನೆದರ್ಲೆಂಡ್ಸ್‌ನ ವೈದ್ಯರು ಇನ್ಸುಲಿನ್ ಪಡೆಯುತ್ತಿದ್ದ ಸ್ಥೂಲಕಾಯದ ರೋಗಿಗಳಿಗೆ 500 ಮತ್ತು 1000 ಮೈಕ್ರೋಗ್ರಾಂ ಪಿಕೊಲಿನೇಟ್ ಕೊಟ್ಟು ನೋಡಿದಾಗ ಹುಸಿ ಗುಳಿಗೆಗಿಂತ ಹೆಚ್ಚಿನ ಗುಣ ಕಾಣಲಿಲ್ಲ. 2007ರಲ್ಲಿ ಅದೇ ತಂಡ ಯೀಸ್ಟ್ ಕ್ರೋಮಿಯಂ 400 ಮೈಕ್ರೋಗ್ರಾಂ ಕೊಟ್ಟಿತು. ಅಲ್ಲಿಯೂ ಅದೇ ಕತೆ. ಮೇಜಿನ ಮೇಲಿನ ಕರಪತ್ರಕ್ಕೆ ಚೀನಾ ಮಾತ್ರ ಗೊತ್ತು, ನೆದರ್ಲೆಂಡ್ಸ್ ಗೊತ್ತಿಲ್ಲ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಕೂಡ 2005ರಲ್ಲಿ ಪಿಕೊಲಿನೇಟ್ ಬಗ್ಗೆ ಒಂದು ವಾಕ್ಯ ಬರೆದುಕೊಳ್ಳಲು ಅನುಮತಿ ನೀಡಿತ್ತು. ಆದರೆ ಮಧುಮೇಹದ ಜೊತೆಗಿನ ಸಂಬಂಧ ಅತ್ಯಂತ ಅನಿಶ್ಚಿತ ಎಂಬುದನ್ನೂ ಅದರಲ್ಲೇ ಸೇರಿಸಬೇಕೆಂಬ ಷರತ್ತು ಹಾಕಿತ್ತು. ಬೊಜ್ಜು ಕರಗುತ್ತದೆ ಎಂಬ ಪ್ರಚಾರಕ್ಕಂತೂ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1996ರಲ್ಲೇ ಕಡಿವಾಣ ಹಾಕಿತ್ತು. 2013ರ ಕೊಕ್ರೇನ್ ವಿಮರ್ಶೆ ಒಂಬತ್ತು ಪ್ರಯೋಗಗಳನ್ನು ಒಟ್ಟುಗೂಡಿಸಿದಾಗ ಕಂಡ ತೂಕ ಇಳಿಕೆ ಸುಮಾರು ಒಂದು ಕಿಲೋ, ಅದೂ ದುರ್ಬಲ ಪುರಾವೆಯ ಮೇಲೆ. ದಾದರ್ ನಿಲ್ದಾಣದ ಮೆಟ್ಟಿಲನ್ನು ನಿತ್ಯ ಹತ್ತಿ ಇಳಿಯುವವರಿಗೆ ಒಂದು ಕಿಲೋ ದೊಡ್ಡ ಮಾತಲ್ಲ.

ಅಪಾಯದ ವಿಷಯದಲ್ಲಿ ಎರಡೂ ಕಡೆಯವರು ಉತ್ಪ್ರೇಕ್ಷೆ ಮಾಡುತ್ತಾರೆ. ಪಿಕೊಲಿನೇಟ್‌ನಿಂದ ಕ್ಯಾನ್ಸರ್ ಎಂಬ ಹೆದರಿಕೆಗೆ ಕಾರಣ 1995ರಲ್ಲಿ ಪ್ರಯೋಗಾಲಯದ ಜೀವಕೋಶಗಳಲ್ಲಿ ಕಂಡ ವರ್ಣತಂತು ಹಾನಿ. ಆದರೆ ಇಲಿ, ಸುಂಡಿಲಿಗಳಿಗೆ ಎರಡು ವರ್ಷ ತಿನ್ನಿಸಿ ನಡೆಸಿದ ಅಮೆರಿಕ ಸರಕಾರದ ಅಧ್ಯಯನ 2010ರಲ್ಲಿ ಹೊರಬಂದಾಗ ಗಂಡು ಇಲಿಗಳಲ್ಲಿ ಸಂದಿಗ್ಧ ಸೂಚನೆಯೊಂದನ್ನು ಬಿಟ್ಟರೆ ಕ್ಯಾನ್ಸರಿನ ಪುರಾವೆ ಸಿಗಲಿಲ್ಲ. ಹಾಗೆಂದು ಎಷ್ಟು ಬೇಕಾದರೂ ನುಂಗಬಹುದೆಂದಲ್ಲ. ತೂಕ ಇಳಿಸಲು ದಿನಕ್ಕೆ 1200ರಿಂದ 2400 ಮೈಕ್ರೋಗ್ರಾಂ ಪಿಕೊಲಿನೇಟ್ ಅನ್ನು ನಾಲ್ಕೈದು ತಿಂಗಳು ಸೇವಿಸಿದ ಮಹಿಳೆಯೊಬ್ಬರ ಮೂತ್ರಪಿಂಡ, ಯಕೃತ್ತು ಕೆಟ್ಟ ಪ್ರಕರಣ 1998ರಲ್ಲಿ ವರದಿಯಾಗಿದೆ. ಮಧುಮೇಹಿಗಳ ಮೂತ್ರಪಿಂಡ ಮೊದಲೇ ದಣಿದಿರುತ್ತದೆ ಎಂಬುದನ್ನು ಮರೆಯಲಾಗದು. ಥೈರಾಯ್ಡ್ ಗುಳಿಗೆ ನುಂಗುವ ಹೆಂಗಸರು ಅದರ ಜೊತೆಗೇ ಪಿಕೊಲಿನೇಟ್ ತೆಗೆದುಕೊಂಡರೆ ಥೈರಾಯ್ಡ್ ಔಷಧದ ಹೀರಿಕೆ ಕಡಿಮೆಯಾಗುತ್ತದೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಔಷಧ ತೆಗೆದುಕೊಳ್ಳುವವರು ಇದನ್ನು ವೈದ್ಯರಿಗೆ ತಿಳಿಸದೆ ಶುರು ಮಾಡಲೇಬಾರದು.

ಇವೆಲ್ಲಕ್ಕಿಂತ ದೊಡ್ಡ ಅಪಾಯ ಡಬ್ಬಿಯೊಳಗಿಲ್ಲ. ಹೋಟೆಲು, ಕ್ಯಾಂಟೀನುಗಳಲ್ಲಿ ಬೆಳಗಿನ ಜಾವದಿಂದ ನಿಂತೇ ದುಡಿಯುವವನ ಕೈಯಲ್ಲಿ ತಿಂಗಳ ಔಷಧಕ್ಕೆ ಇರುವುದು ಲೆಕ್ಕದ ದುಡ್ಡು. 'ಇದು ಔಷಧವಲ್ಲ, ಪೋಷಕಾಂಶ, ಅಡ್ಡಪರಿಣಾಮವಿಲ್ಲ' ಎಂಬ ಮಾತು ಕೇಳಿ ಆತ ದುಬಾರಿ ಡಬ್ಬಿ ಕೊಂಡರೆ ಅದೇ ದುಡ್ಡಿನಲ್ಲಿ ಕೈಬಿಟ್ಟು ಹೋಗುವುದು ಮೆಟ್‌ಫಾರ್ಮಿನ್. ಜನೌಷಧಿ ಕೇಂದ್ರಗಳಲ್ಲಿ ಅಗ್ಗದ ದರಕ್ಕೆ ಸಿಗುವ, ದಶಕಗಳ ಪರೀಕ್ಷೆಗೆ ನಿಂತ ಮಾತ್ರೆಯದು. ಸಕ್ಕರೆ ಏರಿದರೂ ಮೈಗೆ ಕೂಡಲೇ ನೋವಾಗುವುದಿಲ್ಲ. ಕಾಲಿನ ಗಾಯ ಒಣಗದೆ ಹೋದಾಗಲೇ ಅರಿವಾಗುವುದು, ಅಷ್ಟರಲ್ಲಿ ರಜೆ ಹಾಕಿ ಊರಿಗೆ ಹೋಗುವ ಪರಿಸ್ಥಿತಿ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯಂತೆ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿ ದಾಟಿದೆ. ಇಷ್ಟು ದೊಡ್ಡ ಮಾರುಕಟ್ಟೆಯಲ್ಲಿ ಮೇಜು ಹಾಕಲು ಯಾರಿಗೆ ಆಸೆಯಾಗದು?

ಆದರೆ ಸಂಘದ ಸಭಾಗೃಹದಲ್ಲಿ ಮೇಜು ಹಾಕಿದಾಗ ಆ ಡಬ್ಬಿಗೆ ಸಂಘದ ಹೆಸರಿನ ಮೊಹರು ಬೀಳುತ್ತದೆ. ಅಧ್ಯಕ್ಷರು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರೆ ಮತ್ತೂ ಗಟ್ಟಿ. ಪದಾಧಿಕಾರಿಗಳ ಕಷ್ಟ ಅರ್ಥವಾಗದ್ದೇನಲ್ಲ: ಮೇಜಿನವರು ಸ್ಮರಣ ಸಂಚಿಕೆಗೆ ಪೂರ್ಣ ಪುಟದ ಜಾಹೀರಾತು ಕೊಟ್ಟಿರುತ್ತಾರೆ, ಊಟದ ಖರ್ಚಿಗೂ ಕೈ ನೀಡಿರುತ್ತಾರೆ, ಮೇಲಾಗಿ ಸಮಾಜ ಬಾಂಧವರೇ. ಹಾಗಿದ್ದರೂ ತಪಾಸಣೆ ಮತ್ತು ಮಾರಾಟ ಒಂದೇ ದಿನ, ಒಂದೇ ಸಭಾಗೃಹದಲ್ಲಿ ಬೇಡವೆಂದು ಕಾರ್ಯಕಾರಿ ಸಮಿತಿ ಠರಾವು ಮಾಡಲು ಯಾರ ಅಡ್ಡಿಯೂ ಇಲ್ಲ. ಹೆಚ್ಚಿನ ಸಂಘಗಳಲ್ಲಿ ಒಬ್ಬರಾದರೂ ವೈದ್ಯ ಸದಸ್ಯರಿರುತ್ತಾರೆ. ಶಿಬಿರದಲ್ಲಿ ಏನು ಹಂಚಬೇಕು, ಏನು ಹೇಳಬೇಕು ಎಂಬುದನ್ನು ಅವರಿಗೆ ಒಪ್ಪಿಸಬಹುದು. ಶಾಲು-ಹಾರಗಳ ಖರ್ಚಿನಲ್ಲಿ ಸ್ವಲ್ಪ ಉಳಿಸಿ, ಸಕ್ಕರೆ ಜಾಸ್ತಿ ಬಂದ ಬಡ ಸದಸ್ಯರಿಗೆ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿಕೊಟ್ಟು, ಮೂರು ತಿಂಗಳ ಬಳಿಕ ಅವರನ್ನು ಮತ್ತೆ ಕರೆಯಬಹುದು. ಹೆಚ್ಚಿನ ಶಿಬಿರಗಳಲ್ಲಿ ಆ ಎರಡನೆಯ ಕರೆ ಹೋಗುವುದೇ ಇಲ್ಲ.

ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕಪತ್ರ ಮಂಡನೆಯಾಗುವಾಗ ಗುಳಿಗೆ ಮಾರಾಟಗಾರರಿಂದ ಬಂದ ಮೊತ್ತ ಎಷ್ಟು, ಅದು ಯಾವ ಶೀರ್ಷಿಕೆಯಡಿ ಜಮಾ ಆಗಿದೆ ಎಂದು ಕೋಶಾಧಿಕಾರಿಯನ್ನು ಕೇಳುವ ಹಕ್ಕು ಪ್ರತಿಯೊಬ್ಬ ಆಜೀವ ಸದಸ್ಯನಿಗೂ ಇದೆ.