ಹೋಗದ ಪ್ರವಾಸದ ಪ್ರಬಂಧ

ಡಿಸೆಂಬರ್ ತಿಂಗಳು ಬಂತೆಂದರೆ ನಮ್ಮ ಅವಳಿ ನಗರದ ಶಾಲೆಗಳ ಮುಂದೆ ಪ್ರವಾಸದ ಬಸ್ಸುಗಳು ಬಂದು ನಿಲ್ಲುತ್ತವೆ. ಬಸ್ಸಿನ ಮುಖಕ್ಕೆ ಶಾಲೆಯ ಹೆಸರಿನ ಬಟ್ಟೆ, ಒಳಗೆ ಮಕ್ಕಳ ಕೇಕೆ, ಕಿಟಕಿಯಿಂದ ಕೈಬೀಸುವ ಗುರುಗಳು. ಮೈಸೂರು ಅರಮನೆ, ಬೇಲೂರು, ಹಳೇಬೀಡು, ಜೋಗ. ನೋಡುವುದಕ್ಕೆ ಚೆಂದದ ದೃಶ್ಯವೇ. ಆದರೆ ಗಿರಣಿಯ ಬಂಧುಗಳೇ, ಅಂಗಡಿಯ ಬಂಧುಗಳೇ, ಬಸ್ಸು ಹೊರಟುಹೋದ ಮೇಲೆ ಒಮ್ಮೆ ಆ ಶಾಲೆಯ ಒಳಗೆ ಕಾಲಿಟ್ಟು ನೋಡಿರಿ. ಅರ್ಧ ಖಾಲಿಯಾದ ಕೋಣೆಯಲ್ಲಿ ಹಿಂದಿನ ಬೆಂಚಿನ ಮೇಲೆ ಕೆಲವು ಮಕ್ಕಳು ಕುಳಿತಿರುತ್ತಾರೆ. ಅವರಿಗೆ ಪಾಠವಿಲ್ಲ, ಆಟವಿಲ್ಲ. 'ಸುಮ್ಮನೆ ಮಗ್ಗಿ ಬರೀರಿ' ಎಂದು ಹೇಳಿ ಇದ್ದೊಬ್ಬ ಮಾಸ್ತರರೂ ಆಫೀಸಿನ ಕೋಣೆಗೆ ಹೋಗಿರುತ್ತಾರೆ. ಅವು ನಿಮ್ಮ ಮಕ್ಕಳು.

ಇದನ್ನು ನಾನು ಕೇಳಿ ಬರೆಯುತ್ತಿಲ್ಲ. ಆ ಕೋಣೆಯ ಮಾಸ್ತರ ಒಂದು ವರ್ಷ ನಾನೇ ಆಗಿದ್ದೆ. ನಾಲ್ಕನೆಯ ಇಯತ್ತೆ. ನಾಲ್ವತ್ತೊಂದು ಮಕ್ಕಳಲ್ಲಿ ರೊಕ್ಕ ಕಟ್ಟಿ ಹೋದವರು ಹದಿನಾರು. ಉಳಿದವರಲ್ಲಿ ಹಮಾಲರ ಮಕ್ಕಳು, ಜಿನ್ನಿಂಗ್ ಗಿರಣಿಯಲ್ಲಿ ದುಡಿಯುವವರ ಮಕ್ಕಳು, ದುರ್ಗದಬೈಲಿನಲ್ಲಿ ಸಂಜೆ ಗಾಡಿ ಹಚ್ಚುವ ಒಬ್ಬರ ಮಗಳು. ಆ ಮಟ್ಟಿಗೆ ಇದು ಎಲ್ಲರಿಗೂ ಗೊತ್ತಿದ್ದ ಅನ್ಯಾಯ. ಮುಂದಿನದು ಗೊತ್ತಿರಲಿಕ್ಕಿಲ್ಲ. ಪರೀಕ್ಷೆಯಲ್ಲಿ ಕನ್ನಡದ ಪ್ರಶ್ನಪತ್ರಿಕೆಗೆ ಪ್ರಬಂಧ ಬಂತು: 'ನಾನು ಕೈಕೊಂಡ ಪ್ರವಾಸ.' ಹೋದ ಹದಿನಾರು ಮಂದಿ ಬರೆದರು. ಹೋಗದ ಇಪ್ಪತ್ತೈದು ಮಂದಿಯೂ ಬರೆದರು! ಗೈಡಿನಲ್ಲಿದ್ದ ಪ್ರಬಂಧವನ್ನು ಬಾಯಿಪಾಠ ಮಾಡಿದ್ದರು. ಎಂದೂ ಕಾಣದ ಅರಮನೆಯ ದೀಪಗಳನ್ನು ಕಂಡು ಆನಂದಪಟ್ಟೆವೆಂದು, ಎಂದೂ ಏರದ ಬಸ್ಸಿನಲ್ಲಿ ಹಾಡು ಹೇಳಿದೆವೆಂದು ಅಂಕಕ್ಕಾಗಿ ಸುಳ್ಳು ಬರೆದರು. ಒಬ್ಬ ಹುಡುಗ ಮಾತ್ರ ಸುಳ್ಳು ಬರೆಯಲಿಲ್ಲ. ತನ್ನ ತಂದೆಯ ತಳ್ಳುಗಾಡಿಯ ಸಂಗಡ ನಸುಕಿನಲ್ಲಿ ಕಾಯಿಪಲ್ಲೆಯ ಪೇಟೆಗೆ ಹೋದದ್ದನ್ನು ನಾಲ್ಕು ಸಾಲು ಬರೆದಿದ್ದ. 'ವಿಷಯಕ್ಕೆ ಸಂಬಂಧವಿಲ್ಲ' ಎಂದು ಕೆಂಪು ಶಾಯಿಯಲ್ಲಿ ಬರೆದು ಸೊನ್ನೆ ಹಾಕಿದವನು ನಾನು.

ಆ ಸೊನ್ನೆ ಇಂದಿಗೂ ನನ್ನ ಲೆಕ್ಕದಲ್ಲಿದೆ.

ಪ್ರವಾಸ ಬೇಡವೆಂದು ನಾನು ಹೇಳುತ್ತಿಲ್ಲ. ಹೇಳುವವರು ಬೇರೆ ಇದ್ದಾರೆ. ನಮ್ಮ ಓಣಿಗಳಲ್ಲಿಯೇ ಇದ್ದಾರೆ. 'ಸಾಲಿಗೆ ಕಳಸೂದು ಓದಾಕ, ತಿರಗ್ಯಾಡಾಕ ಅಲ್ಲ' ಎಂದು ಎಷ್ಟು ತಂದೆಗಳ ಬಾಯಿಂದ ಕೇಳಿಲ್ಲ! ಈ ಮಾತಿನಿಂದ ಲಾಭವಾಗುವುದು ಯಾರಿಗೆ? ತಿರುಗಾಟವನ್ನು ಮಾರುವವರಿಗೆ. ತಿರುಗಾಟ ಬೇರೆ, ಓದು ಬೇರೆ ಎಂದು ನಾವೇ ಒಪ್ಪಿಕೊಂಡೆವೆಂದರೆ ತಿರುಗಾಟಕ್ಕೆ ಬೇರೆ ಬೆಲೆ ಹಚ್ಚುವುದು ಅವರಿಗೆ ಸುಲಭ. ಬೆಲೆ ಕಟ್ಟಿದವನ ಮಗು ಕಣ್ಣಿನಿಂದ ಕಲಿಯುತ್ತದೆ, ಕಟ್ಟಲಾರದವನ ಮಗು ಗೈಡಿನಿಂದ ಕಲಿಯುತ್ತದೆ. ಪ್ರವಾಸ ಮುಗಿಸಿ ಬಂದ ಮಕ್ಕಳ ಫೋಟೋಗಳು ಎಪ್ರಿಲ್ ತಿಂಗಳಿನಲ್ಲಿ ಪ್ರವೇಶದ ಫಲಕಗಳಾಗಿ ರಸ್ತೆಯ ಕಂಬಗಳನ್ನೇರುತ್ತವೆ. ಅದನ್ನು ನೋಡಿ ನಮ್ಮ ಕಿರಾಣಿ ಅಂಗಡಿಯ ಸೋದರರು ಸಾಲ ಮಾಡಿ ಮಗುವನ್ನು ಅಲ್ಲಿಗೆ ಹಾಕುತ್ತಾರೆ.

ಕಾನೂನು ಏನು ಹೇಳುತ್ತದೆ? 2009ರ ಶಿಕ್ಷಣ ಹಕ್ಕಿನ ಕಾಯಿದೆ 2010ರ ಎಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 29ನೆಯ ಕಲಮು ಮಗುವಿನ ಕಲಿಕೆ ಚಟುವಟಿಕೆಯಿಂದ, ಹುಡುಕಾಟದಿಂದ, ಶೋಧನೆಯಿಂದ ನಡೆಯಬೇಕೆನ್ನುತ್ತದೆ. ಮೂರನೆಯ ಕಲಮು, ಓದನ್ನು ತಡೆಯುವಂಥ ಯಾವ ಫೀಯನ್ನೂ ಖರ್ಚನ್ನೂ ಸರಕಾರಿ ಶಾಲೆಯ ಮಗುವಿನ ಮೇಲೆ ಹೊರಿಸಕೂಡದೆನ್ನುತ್ತದೆ. ಎರಡನ್ನೂ ಕೂಡಿಸಿ ಓದಿರಿ. ಹೊರಗೆ ಹೋಗಿ ನೋಡುವುದು ಪಾಠವಾದರೆ, ರೊಕ್ಕವಿಲ್ಲವೆಂದು ಮಗುವನ್ನು ಹಿಂದೆ ಬಿಡುವುದು ಪಾಠದಿಂದ ಹೊರಗೆ ಹಾಕಿದಂತೆಯೇ ಅಲ್ಲವೆ? 2020ರ ಶಿಕ್ಷಣ ನೀತಿಯ ಪುಸ್ತಕದಲ್ಲಿ ಆರರಿಂದ ಎಂಟನೆಯ ತರಗತಿಯವರಿಗೆ ದಪ್ತರವಿಲ್ಲದ ಹತ್ತು ದಿನ, ಬಡಿಗರ, ಕುಂಬಾರರ ಹತ್ತಿರ ಕಲಿಯುವುದಕ್ಕೆ ಎಂದಿದೆ. ನಾಲ್ಕನೆಯವರಿಗೆ ಕಣ್ಣಿಲ್ಲವೆ?

ಮರುವರ್ಷ ನಾನು ಬಸ್ಸಿನ ಮಾತೇ ತೆಗೆಯಲಿಲ್ಲ. ಶನಿವಾರ ಶನಿವಾರ ಮಕ್ಕಳನ್ನು ಸಾಲುಗಟ್ಟಿಸಿ ಕಾಲ್ನಡಿಗೆಯಲ್ಲಿ, ದೂರವಾದರೆ ಸಿಟಿ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಬೆಂಗೇರಿಗೆ ಹೋದೆವು. 1957ರಲ್ಲಿ ಸ್ಥಾಪನೆಯಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ದೇಶದ ಬಾವುಟ ತಯಾರಾಗುತ್ತದೆಂಬುದು ನನ್ನ ತರಗತಿಯ ಒಬ್ಬ ಹುಡುಗನಿಗೂ ತಿಳಿದಿರಲಿಲ್ಲ. ಆಗಸ್ಟ್ 15ಕ್ಕೆ ವಂದನೆ ಮಾಡುತ್ತಾರೆ, ಅದನ್ನು ಹೊಲಿದ ಕೈ ಒಂದೆರಡು ಮೈಲಿನ ಆಚೆ ಇದೆಯೆಂಬುದು ಗೊತ್ತಿಲ್ಲ! ಉದ್ದ ಮೂರು ಪಾಲಾದರೆ ಅಗಲ ಎರಡು ಪಾಲು, ಚಕ್ರಕ್ಕೆ 24 ಅರೆ, ಒಂದು ಎಳೆ ಹೆಚ್ಚುಕಡಿಮೆಯಾದರೂ ನಡೆಯದು. ಭಿನ್ನರಾಶಿಯ ಪಾಠ ಅಲ್ಲಿಯೇ ಮುಗಿಯಿತು. ಧಾರವಾಡ ತಾಲೂಕಿನ ಗರಗದಲ್ಲಿಯೂ ಬಾವುಟದ ಬಟ್ಟೆ ನೇಯುತ್ತಾರೆಂದು ಮಕ್ಕಳು ನಕಾಶೆಯಲ್ಲಿ ಗರಗ ಹುಡುಕಿದರು. 2021ರ ಡಿಸೆಂಬರದಲ್ಲಿ ಕೇಂದ್ರ ಸರಕಾರ ನಿಯಮ ತಿದ್ದಿ, ಯಂತ್ರದ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಕೊಟ್ಟಿತು. ಕೈನೂಲಿನವರ ಹೊಟ್ಟೆಗೆ ಬಿದ್ದ ಏಟು ಎಂಥದೆಂಬುದನ್ನು ಯಾವ ಪಠ್ಯಪುಸ್ತಕ ಹೇಳೀತು?

ರೈಲ್ವೆ ಸ್ಟೇಶನ್ನಿಗೆ ಹೋದೆವು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ, ಜಗತ್ತಿನಲ್ಲಿಯೇ ಉದ್ದವೆನಿಸಿದ 1507 ಮೀಟರಿನ ಪ್ಲಾಟ್‌ಫಾರ್ಮ್ ನಮ್ಮ ಸಿದ್ಧಾರೂಢರ ಹೆಸರಿನ ನಿಲ್ದಾಣದಲ್ಲಿದೆಯಲ್ಲ. ಅರ್ಧ ಮೀಟರಿನ ಹೆಜ್ಜೆಯಾದರೆ ಎಷ್ಟು ಹೆಜ್ಜೆ? ನಡೆದು ಎಣಿಸಿದರು. ಮೂರು ಸಾವಿರದ ಲೆಕ್ಕ ಯಾರಿಗೂ ಕೂಡಲಿಲ್ಲ, ಜಗಳವಾಡಿದರು. ಆ ಜಗಳ ಗಣಿತದ ಜಗಳ.

ಹೆಚ್ಚು ಹೇಳಬೇಕಾದದ್ದು ಜಿನ್ನಿಂಗ್ ಗಿರಣಿಯದು. ಊರ ಹೊರಗಿನ ಒಂದು ಗಿರಣಿಯ ಮುಕಾದಮರು ನಮ್ಮ ಪರಿಚಯದವರು, ಒಳಗೆ ಬಿಟ್ಟರು. ಯಂತ್ರದಿಂದ ದೂರ, ಗೋಡೆಗೆ ಹತ್ತಿ ನಿಂತು ನೋಡಿದೆವು. ಐದು ಕ್ವಿಂಟಲ್ ಹತ್ತಿ ಜಿನ್ನಿಗೆ ಹೋದರೆ ಸುಮಾರು 170 ಕಿಲೋದ ಒಂದು ಬೇಲು ಅರಳೆ ಬರುತ್ತದೆ, ಉಳಿದದ್ದು ಹೆಚ್ಚಿನಂಶ ಹತ್ತಿಕಾಳು. ಕಾಳು ಎಣ್ಣೆಯ ಗಿರಣಿಗೆ, ಹಿಂಡಿ ದನಕ್ಕೆ. 'ಸರ, ನಮ್ಮ ಎಮ್ಮಿ ತಿನ್ನೂದು ಇದ!' ಎಂದು ಹಾಲು ಮಾರುವವರ ಹುಡುಗಿ ಕೂಗಿದಳು. ಅಮೇರಿಕೆಯಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆದಾಗ ಮ್ಯಾಂಚೆಸ್ಟರಿನ ಗಿರಣಿಗಳು ಧಾರವಾಡದ ಹತ್ತಿಗೆ ಬಾಯಿ ತೆರೆದವು, ಗಾಡಿಗಳು ಘಟ್ಟ ಇಳಿದು ಕುಮಟೆಯ ಬಂದರಕ್ಕೆ ಹೋದವು ಎಂದು ನಾನು ಅಲ್ಲಿಯೇ ಹೇಳಿದೆ. 1972ರಲ್ಲಿ ಹೊರಬಂದ ವರಲಕ್ಷ್ಮಿ ತಳಿ ಹುಟ್ಟಿದ್ದು ಧಾರವಾಡದ ಹೊಲದಲ್ಲಿ ಎಂದೂ ಹೇಳಿದೆ. ಇತಿಹಾಸ, ಭೂಗೋಲ, ವಿಜ್ಞಾನ ಮೂರೂ ಮೂಗಿಗೆ ಹತ್ತಿಯ ಧೂಳಿನೊಂದಿಗೆ ಹೋದವು.

ಒಬ್ಬ ಹುಡುಗ ಬಾಯಿಗೆ ಸೆರಗು ಕಟ್ಟಿಕೊಂಡು ಹತ್ತಿ ಆರಿಸುತ್ತಿದ್ದ ಹೆಣ್ಣುಮಗಳನ್ನು ಕೇಳಿಬಿಟ್ಟ: 'ಅಕ್ಕಾರ, ನಿಮಗ ದಿನಾ ಎಷ್ಟ ಕೊಡ್ತಾರ?' ಆಕೆ ಹೇಳಿದಳು. 'ಆ ಕಾಕಾಗ?' ಆಕೆ ನಕ್ಕಳು. 'ಅವರು ಗಣಮಕ್ಕಳಪಾ, ಅವರಿಗೆ ಜಾಸ್ತಿ.' ಸಮಾನ ವೇತನದ ಕಾಯಿದೆ ಈ ದೇಶದಲ್ಲಿ 1976ರಲ್ಲಿಯೇ ಬಂದಿತೆಂಬುದನ್ನು ಆ ಹುಡುಗನಿಗೆ ಹೇಳುವುದೊ ಬಿಡುವುದೊ ಎಂದು ನಾನೇ ಗೊಂದಲಕ್ಕೆ ಬಿದ್ದೆ.

ತಿಂಗಳ ಕೊನೆಯ ಶನಿವಾರ ಸಂಜೆ, ಪಾಳಿ ಬಿಟ್ಟ ಮೇಲೆ, ತಂದೆತಾಯಿಗಳನ್ನು ಕರೆದು ಮಕ್ಕಳಿಂದಲೇ ಎಲ್ಲ ಹೇಳಿಸಿದೆವು. ರಟ್ಟಿನ ಮೇಲೆ ಅಂಟಿಸಿದ ಅರಳೆ, ಹತ್ತಿಕಾಳು, ಪ್ಲಾಟ್‌ಫಾರ್ಮಿನ ಹೆಜ್ಜೆಗಳ ಕೋಷ್ಟಕ, ಬಾವುಟದ ಅಳತೆ. ಹಿಂದಿನ ವರ್ಷ ಹಿಂದಿನ ಬೆಂಚಿನಲ್ಲಿ ಉಳಿದಿದ್ದಂಥ ಮಕ್ಕಳೇ ಈ ಸಲ ಮುಂದೆ ನಿಂತು ಹೇಳಿದರು. ಯಾಕೆಂದರೆ ಗಿರಣಿಯ ಮಾತು ಅವರ ಮನೆಯ ಮಾತು. ಜಿನ್ನಿನ ಬಗ್ಗೆ ಮಗ ಹೇಳುವಾಗ ತಪ್ಪಿದ್ದನ್ನು ಕುಳಿತಲ್ಲಿಂದಲೇ ತಂದೆ ತಿದ್ದಿದ. ಓದಲು ಬಾರದ ಮನುಷ್ಯ, ಶಾಲೆಯ ಕೋಣೆಯಲ್ಲಿ, ಮಾಸ್ತರನ ಎದುರು!

ರಟ್ಟಿನ ಕೆಳಗಡೆ ಮಕ್ಕಳು ಒಂದು ಸಾಲು ಬರೆದಿದ್ದರು: ಹೆಂಗಸರಿಗೆ ಇಷ್ಟು, ಗಂಡಸರಿಗೆ ಇಷ್ಟು. ಆಡಳಿತ ಮಂಡಳಿಯ ಯಜಮಾನರೊಬ್ಬರು ಕನ್ನಡಕ ಏರಿಸಿ ಓದಿದರು. 'ಮಾಸ್ತರ, ಮಕ್ಕಳಿಗೆ ಪಗಾರದ ಉಸಾಬರಿ ಯಾಕ? ಈ ಸಾಲು ತೆಗಸ್ರಿ.' ತೆಗೆಸಲಿಲ್ಲ. ಮುಂದಿನ ಜೂನ್ ತಿಂಗಳಲ್ಲಿ ಆ ಶಾಲೆಯಲ್ಲಿ ನಾನು ಇರಲಿಲ್ಲ. ಅರಮನೆಯ ಕಂಬ ಎಷ್ಟು ಎಂದು ಮಗು ಎಣಿಸಿದರೆ ಜ್ಞಾನ, ಕೂಲಿ ಎಷ್ಟು ಎಂದು ಎಣಿಸಿದರೆ ಉಸಾಬರಿ! ಮಕ್ಕಳನ್ನು ಮುನ್ನೂರು ಮೈಲು ದೂರ ಒಯ್ಯುವ ಉತ್ಸಾಹದ ಗುಟ್ಟು ಇಲ್ಲಿಯೂ ಸ್ವಲ್ಪ ಇದೆಯೆಂದು ನನಗೆ ಅನಿಸುತ್ತದೆ. ಹತ್ತಿರದ್ದನ್ನು ನೋಡಿದ ಮಗು ಹತ್ತಿರದ ಪ್ರಶ್ನೆ ಕೇಳುತ್ತದೆ. ಅಮ್ಮಿನಬಾವಿಗೆ ಕರೆದೊಯ್ದು ಮಲಪ್ರಭೆಯ ನೀರು ಶುದ್ಧವಾಗಿ ಊರಿಗೆ ಹರಿಯುವುದನ್ನು ತೋರಿಸಿರಿ. 2008ರಲ್ಲಿ ಕೆಲವೇ ವಾರ್ಡುಗಳಿಗೆ ಇಪ್ಪತ್ನಾಲ್ಕು ತಾಸು ನೀರು ಬಂದು ನಮ್ಮ ಓಣಿ ಕೊಡ ಹಿಡಿದು ದಿನ ಎಣಿಸಿದ್ದೇಕೆ ಎಂದು ಅದು ಕೇಳದೆ ಬಿಟ್ಟೀತೆ?

ಒಡೆಯನ ಮಗುವಿಗೂ ಆಳಿನ ಮಗುವಿಗೂ ಒಂದೇ ಶಾಲೆ ಎಂದು ಡಾ. ಲೋಹಿಯಾ ಹೋರಾಡಿದರು. 1964-66ರ ಕೊಠಾರಿ ಆಯೋಗವೂ ನೆರೆಹೊರೆಯ ಸಮಾನ ಶಾಲೆಯನ್ನೇ ಶಿಫಾರಸು ಮಾಡಿತು. ಶಾಲೆ ಒಂದಾಗಲಿಲ್ಲ. ಒಂದೇ ಶಾಲೆಯೊಳಗೂ ಈಗ ಎರಡು ತರಗತಿ: ಬಸ್ಸಿನದು, ಬೆಂಚಿನದು.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟವಿದೆ. ರೊಕ್ಕ ಕೊಟ್ಟವರಿಗಷ್ಟೇ ಎಂಬ ಪ್ರವಾಸವನ್ನು ಶಾಲೆಯ ಹಾಜರಿ ದಿನಗಳಲ್ಲಿ ನಡೆಸಕೂಡದು. ಹುಬ್ಬಳ್ಳಿಯಲ್ಲಿಯೇ ಕೇಂದ್ರ ಕಚೇರಿ ಇರುವ ವಾಯವ್ಯ ಸಾರಿಗೆ ಸಂಸ್ಥೆ ಸರಕಾರಿ ಪ್ರಾಥಮಿಕ ಶಾಲೆಗಳಿಗೆ ತಿಂಗಳಿಗೊಂದು ದಿನ ಬಿಟ್ಟಿ ಬಸ್ಸು ಕೊಡಬೇಕು. ಹೋಗದ ಪ್ರವಾಸದ ಪ್ರಬಂಧವನ್ನು ಪ್ರಶ್ನಪತ್ರಿಕೆಯಿಂದ ಕಿತ್ತುಹಾಕಬೇಕು.

ಇನ್ನು ನಿಮ್ಮ ಪಾಲಿನ ಕೆಲಸ. ಗಿರಣಿಯ ಸಂಗಾತಿಗಳು ತಮ್ಮ ಯೂನಿಯನ್ನಿನ ಮೂಲಕ ಮಾಲಕರನ್ನು ಕೇಳಿ, ವರ್ಷಕ್ಕೊಂದು ದಿನ ಮಕ್ಕಳಿಗೆ ಗೇಟು ತೆರೆಸಬೇಕು. ಅಂಗಡಿಯ ಸೋದರರು ತಕ್ಕಡಿ, ಬಿಲ್ಲು, ಲಾಭ-ಹಾನಿಯ ಲೆಕ್ಕವನ್ನು ಒಂದು ತಾಸು ತೋರಿಸಲಿ, ವ್ಯಾಪಾರಕ್ಕೇನೂ ಮುಳುಗುವುದಿಲ್ಲ. ಒಪ್ಪಿದವರು ಪಕ್ಷದ ಕಚೇರಿಯಲ್ಲಿ ಹೆಸರು ಬರೆಸಿರಿ. ಹತ್ತಿಯ ಹಂಗಾಮು ಸುಗ್ಗಿ ದಾಟಿದ ಮೇಲೆ ಇಳಿಯುತ್ತದೆ, ಜಿನ್ನುಗಳು ನಿಂತ ಮೇಲೆ ಹೋಗಿ ಏನು ನೋಡುವುದು? ಸಂಕ್ರಾಂತಿಯೊಳಗೆ ಮೊದಲ ತರಗತಿ ಹೊರಡಬೇಕು.