ಪ್ರಮಾಣಪತ್ರದ ನಂತರದ ಪಾಠ

ಅಭ್ಯಾಸ ಬೋಧನೆಯ ಎರಡನೆಯ ವಾರ ರಟ್ಟೀಹಳ್ಳಿಯ ಪ್ರೌಢಶಾಲೆಯೊಂದರಲ್ಲಿ ಹತ್ತನೆಯ ತರಗತಿಗೆ ‘ವಿದ್ಯುಚ್ಛಕ್ತಿ’ ಘಟಕದ ಪಾಠ ಮಾಡುತ್ತಿದ್ದೆ. ಸರಣಿ ಜೋಡಣೆ ಮತ್ತು ಸಮಾಂತರ ಜೋಡಣೆ ಅಂದಿನ ವಿಷಯ. ಪಾಠಯೋಜನೆಯಲ್ಲಿ ಬರೆದಂತೆ ಬಲ್ಬು, ಬ್ಯಾಟರಿ, ತಂತಿ ಎಲ್ಲವನ್ನೂ ಒಯ್ದಿದ್ದೆ. ಮನೆಯ ವೈರಿಂಗ್‌ನಲ್ಲಿ ಯಾವ ಜೋಡಣೆ ಇರುತ್ತದೆ ಎಂದು ಕೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಸರಿಯಾದ ಉತ್ತರ ಹೇಳಿ, ಕೂರುವ ಮೊದಲು ಇನ್ನೊಂದು ಮಾತು ಸೇರಿಸಿದ: “ನಮ್ಮಣ್ಣ ವೈರಿಂಗ್ ಟ್ರೇನಿಂಗ್ ಮಾಡ್ಯಾನ್ರೀ ಮೇಡಂ. ಸರ್ಟಿಫಿಕೇಟ್ ಐತ್ರೀ. ಆದ್ರ ಮನ್ಯಾಗಿನ ಬೋರ್ಡ್ ಬಿಚ್ಚಾಕ ಅಂಜ್ತಾನ್ರೀ.”

ತರಗತಿ ನಕ್ಕಿತು. ನಾನೂ ನಕ್ಕೆ. ನಗಬಾರದಿತ್ತು ಎಂದು ಅನಿಸಿದ್ದು ಸಂಜೆ, ಆ ಅಣ್ಣನೇ ತಮ್ಮನನ್ನು ಕರೆದೊಯ್ಯಲು ಶಾಲೆಯ ಗೇಟಿನ ಬಳಿ ಬಂದು ನಿಂತಾಗ. ಮೂರು ತಿಂಗಳ ತರಬೇತಿ, ಹಾಜರಾತಿ ಪೂರ್ಣ. ಆದರೆ ಒಂದೇ ಬೋರ್ಡಿನ ಮುಂದೆ ಮೂವತ್ತು ಮಂದಿ. ಅವನ ಕೈಗೆ ಸ್ಕ್ರೂಡ್ರೈವರ್ ಸಿಕ್ಕಿದ್ದು ಎರಡೇ ಬಾರಿ. ಕೊನೆಯ ದಿನ ಪ್ರಮಾಣಪತ್ರ ಹಿಡಿದು ಫೋಟೊ ತೆಗೆಸಿಕೊಂಡ ಮೇಲೆ ಯಾರೂ ಅವನನ್ನು ವಿಚಾರಿಸಿಲ್ಲ. ಈಗ ಗೋವಿನಜೋಳ ಒಕ್ಕುವ ಮಷೀನಿನ ಜೊತೆ ಕೂಲಿಗೆ ಹೋಗುತ್ತಾನೆ. “ನನಗ ಬರೂದಿಲ್ಲ ಅಂತ ಅಲ್ರೀ ಮೇಡಂ, ಬಾಜೂಕ ಒಬ್ರು ನಿಂತಿದ್ರ ಮಾಡ್ತೀನ್ರೀ” ಎಂದ.

ಈ ಮಾತು ನನ್ನಂಥ ಪ್ರಶಿಕ್ಷಣಾರ್ಥಿಗೆ ಹೊಸದಲ್ಲ. ನಾವು ಮೊದಲ ಪಾಠ ಮಾಡುವಾಗ ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕರು ಕುಳಿತಿರುತ್ತಾರೆ. ಪಾಠ ಮುಗಿದ ಮೇಲೆ ವೀಕ್ಷಣಾ ಪುಸ್ತಕದಲ್ಲಿ ತಪ್ಪು ಬರೆದು, ಮರುದಿನ ತಿದ್ದಿಕೊಳ್ಳಲು ಅವಕಾಶ ಕೊಡುತ್ತಾರೆ. ಉಪನ್ಯಾಸ ಕೇಳಿದ ಮಾತ್ರಕ್ಕೆ ನಮ್ಮನ್ನು ಯಾರೂ ಶಿಕ್ಷಕರೆಂದು ಒಪ್ಪುವುದಿಲ್ಲ. ಹಾಗಿರುವಾಗ ವೈರಿಂಗ್ ಅಥವಾ ಹೊಲಿಗೆ ಕಲಿತವರಿಗೆ ಮಾತ್ರ ಪ್ರಮಾಣಪತ್ರವೇ ಕೊನೆಯ ಪುಟ ಏಕಾಗಬೇಕು?

ಯೋಜನೆಗಳಿಗೆ ಕೊರತೆಯಿಲ್ಲ. ಗ್ರಾಮೀಣ ಯುವಜನರಿಗಾಗಿ 2014ರಲ್ಲಿ ದೀನ್ ದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ, 2015ರಲ್ಲಿ ಪ್ರಧಾನ ಮಂತ್ರಿ ಕೌಶಲ್ಯ ವಿಕಾಸ ಯೋಜನೆ, 2017ರಲ್ಲಿ ನಮ್ಮ ರಾಜ್ಯದ ಮುಖ್ಯಮಂತ್ರಿಗಳ ಕೌಶಲ್ಯ ಕರ್ನಾಟಕ ಯೋಜನೆ ಬಂದವು. ಆಮೇಲೆ ಯುವನಿಧಿ. 2022-23ರಲ್ಲಿ ತೇರ್ಗಡೆಯಾಗಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿಯಂತೆ ಗರಿಷ್ಠ ಎರಡು ವರ್ಷ ಕೊಡುವ ಯೋಜನೆ ಇದು. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಇದಕ್ಕೆ ಚಾಲನೆ ಸಿಕ್ಕಿತು.

ನಾನು ಬಿ.ಎಸ್ಸಿ. ಮುಗಿಸಿದ್ದು ಅದೇ ವರ್ಷ. ಓದು ಮುಂದುವರಿಸಿದವರಿಗೆ ಈ ಹಣ ಇಲ್ಲವಾದ್ದರಿಂದ ನನಗೆ ಬರಲಿಲ್ಲ. ನನ್ನ ಸಹಪಾಠಿಯೊಬ್ಬನಿಗೆ ಬಂತು. ಅದರಿಂದ ಧಾರವಾಡದಲ್ಲಿ ಕೋಣೆಯ ಬಾಡಿಗೆ ಕಟ್ಟಿ, ಸ್ಪರ್ಧಾತ್ಮಕ ಪರೀಕ್ಷೆಗೆ ಓದಿದ. ಆ ಹಣವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮನೆಯಲ್ಲಿ ಕೈಯೊಡ್ಡದೆ ಅರ್ಜಿ ಶುಲ್ಕ ಕಟ್ಟುವುದು ಸಣ್ಣ ಸಂಗತಿಯಲ್ಲ. ಆದರೆ ಅವನು ಹೇಳಿದ ಒಂದು ಮಾತು ಚುಚ್ಚಿತು: ಹಣ ಮುಂದುವರಿಯಬೇಕಾದರೆ ತಾನಿನ್ನೂ ನಿರುದ್ಯೋಗಿ ಎಂದು ತಾನೇ ಘೋಷಿಸುತ್ತಿರಬೇಕು. ‘ಕೆಲಸ ಸಿಕ್ಕಿತೇ?’ ಎಂದು ಕೇಳುವ ವ್ಯವಸ್ಥೆಗಿಂತ ‘ಏನು ಅಡ್ಡಿಯಾಗಿದೆ?’ ಎಂದು ಕೇಳುವ ಮನುಷ್ಯನೊಬ್ಬ ಅವನಿಗೆ ಬೇಕಾಗಿದ್ದ.

ಹಾಗೆ ಕೇಳುವ ಪದ್ಧತಿ ನಮ್ಮ ನಾಡಿನಲ್ಲೇ ಹುಟ್ಟಿದೆ. 1982ರಲ್ಲಿ ದಕ್ಷಿಣ ಕನ್ನಡದ ಉಜಿರೆಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ ರುಡ್‌ಸೆಟ್ ಸಂಸ್ಥೆ ಆರಂಭವಾಯಿತು. ಊಟ ವಸತಿ ಸಹಿತ ಉಚಿತ, ಅಲ್ಪಾವಧಿಯ ತರಬೇತಿ. ಇದರ ಜೀವಾಳ ಇರುವುದು ತರಬೇತಿ ಮುಗಿದ ಮೇಲಿನ ಎರಡು ವರ್ಷಗಳ ಅನುಸರಣೆಯಲ್ಲಿ. ಕಲಿತವರು ಅಂಗಡಿ ತೆರೆದರೇ, ಬ್ಯಾಂಕ್ ಸಾಲ ಸಿಕ್ಕಿತೇ, ಎಲ್ಲಿ ಎಡವಿದರು ಎಂದು ವಿಚಾರಿಸಿ ಕೈಹಿಡಿಯುವುದು. ಈ ಮಾದರಿಯನ್ನೇ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ 2009ರಲ್ಲಿ ಒಪ್ಪಿಕೊಂಡು, ಜಿಲ್ಲೆಗೊಂದು ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆ ಎಂಬ ಗುರಿ ಇಟ್ಟಿತು.

ಮನೋವಿಜ್ಞಾನದಲ್ಲಿ ಮೆಕ್‌ಕ್ಲೆಲ್ಯಾಂಡ್ ಅವರ ಸಾಧನಾ ಪ್ರೇರಣೆಯನ್ನು ನಾವೆಲ್ಲ ಓದಿದ್ದೇವೆ. 1960ರ ದಶಕದಲ್ಲಿ ಅವರ ತಂಡ ಆಂಧ್ರದ ಕಾಕಿನಾಡದ ಸಣ್ಣ ಉದ್ದಿಮೆದಾರರಿಗೆ ತರಬೇತಿ ಕೊಟ್ಟು ಅಲ್ಲಿಗೇ ಕೈಬಿಡಲಿಲ್ಲ. ಅವರು ನಂತರ ವ್ಯವಹಾರ ವಿಸ್ತರಿಸಿದರೇ, ಹೆಚ್ಚು ಜನರಿಗೆ ಕೆಲಸ ಕೊಟ್ಟರೇ ಎಂದೂ ನೋಡಿತು. ಮೌಲ್ಯಮಾಪನ ಎಂದರೆ ಅದು. ಎಷ್ಟು ಜನ ಕುಳಿತಿದ್ದರು ಎಂಬುದು ಹಾಜರಾತಿ. ಎಷ್ಟು ಜನರ ಕೈ ಓಡುತ್ತಿದೆ ಎಂಬುದು ಕಲಿಕೆ.

‘ಊರಲ್ಲಿ ಕೆಲಸವೇ ಇಲ್ಲದಿದ್ದರೆ ಅನುಸರಣೆಯಿಂದ ಏನು ಪ್ರಯೋಜನ?’ ಎಂದು ಗೆಳತಿಯೊಬ್ಬಳು ಕೇಳಿದಳು. ನ್ಯಾಯವಾದ ಪ್ರಶ್ನೆ. ತರಬೇತಿಯೊಂದೇ ಕಾರ್ಖಾನೆ ಕಟ್ಟಲಾರದು. ಆದರೂ ನಮ್ಮ ಭಾಗದಲ್ಲಿ ಪಂಪ್‌ಸೆಟ್ ಮೋಟಾರು ಸುಟ್ಟರೆ ಬೆಳೆ ಒಣಗುವ ಮೊದಲು ದುರಸ್ತಿಯಾಗಬೇಕು. ಹೊಸ ಮನೆಗೆ ವೈರಿಂಗ್ ಬೇಕು. ಹತ್ತಿ, ತರಕಾರಿ ಬೀಜೋತ್ಪಾದನೆಗೆ ಕೌಶಲವಿರುವ ಕೈಗಳು ಬೇಕು. ಇರುವ ಕೆಲಸಕ್ಕೂ ಕಲಿತ ಹುಡುಗನಿಗೂ ನಡುವೆ ಉಳಿದಿರುವುದು ಅನೇಕ ಕಡೆ ಅಂಜಿಕೆ ಮತ್ತು ಒಂದು ಸೆಟ್ ಉಪಕರಣ. ಅಷ್ಟು ಅಂತರವನ್ನು ಅನುಸರಣೆ ದಾಟಿಸಬಲ್ಲದು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ತರಬೇತಿ ಕೇಂದ್ರಗಳಿಗೆ ಹಣ ಸಲ್ಲಿಸುವಾಗ ದೊಡ್ಡ ಪಾಲನ್ನು ಕಲಿತವರು ಒಂದು ವರ್ಷದ ನಂತರ ಆ ಕೆಲಸದಲ್ಲಿ ಇದ್ದಾರೆಯೇ ಎಂಬುದಕ್ಕೆ ಜೋಡಿಸಬೇಕು. ಅಂತಿಮ ಪರೀಕ್ಷೆಯನ್ನು ನಿಜವಾದ ಮನೆಯ ಬೋರ್ಡಿನ ಮುಂದೆ ನಡೆಸಬೇಕು. ನಾವೂ ಸುಮ್ಮನೆ ಕೂರಬಾರದು. ರಾಜ್ಯದ ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಂಬತ್ತನೆಯ ತರಗತಿಯಿಂದಲೇ ಎನ್‌ಎಸ್‌ಕ್ಯೂಎಫ್ ಅಡಿ ಆಟೊಮೊಬೈಲ್, ಮಾಹಿತಿ ತಂತ್ರಜ್ಞಾನದಂಥ ವೃತ್ತಿ ವಿಷಯಗಳಿವೆ. ಆ ಮಕ್ಕಳ ಪ್ರಾಯೋಗಿಕ ತರಗತಿಗೂ ನಮ್ಮ ವಿಜ್ಞಾನ ಪಾಠಕ್ಕೂ ಕೊಂಡಿ ಹಾಕುವುದು ನಮ್ಮ ಕೈಯಲ್ಲಿದೆ. ಸಮುದಾಯ ಕಾರ್ಯದ ಭಾಗವಾಗಿ ಪ್ರತಿ ಪ್ರಶಿಕ್ಷಣಾರ್ಥಿಯೂ ಊರಿನ ಐವರು ತರಬೇತಿ ಪಡೆದ ಯುವಜನರನ್ನು ಭೇಟಿಯಾಗಿ, ಅವರಿಗೆ ಎಲ್ಲಿ ತೊಡಕಾಯಿತು ಎಂದು ಬರೆದು ತರಲಿ ಎಂದು ನಮ್ಮ ಉಪನ್ಯಾಸಕರಲ್ಲಿ ವಿನಂತಿಸುತ್ತೇನೆ.

ಮರುವಾರ ಶಾಲೆಯ ವಿಜ್ಞಾನ ಶಿಕ್ಷಕರ ಅನುಮತಿ ಪಡೆದು ಆ ಅಣ್ಣನನ್ನು ಪ್ರಯೋಗಾಲಯಕ್ಕೆ ಕರೆದೆ. ಮೇನ್ ಸ್ವಿಚ್ ಆರಿಸಿ, ಟೆಸ್ಟರ್ ಹಿಡಿದು ನೋಡಿ, ಕೆಟ್ಟುಹೋಗಿದ್ದ ಪ್ಲಗ್ ಪಾಯಿಂಟಿನ ಬೋರ್ಡ್ ಬಿಚ್ಚಿದ. ಶಿಕ್ಷಕರು ಪಕ್ಕದಲ್ಲಿ ನಿಂತಿದ್ದರು, ಅಷ್ಟೇ. ಸಡಿಲವಾಗಿದ್ದ ತಂತಿಯನ್ನು ಅವನೇ ಗುರುತಿಸಿದ, ಅವನೇ ಬಿಗಿಮಾಡಿದ. ತಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವತ್ತು ಯಾರೂ ನಗಲಿಲ್ಲ.