ತಾಳ ತಪ್ಪಿದ್ದು ಹಾಡುಗಾರನೋ, ಲ್ಯಾಪ್‌ಟಾಪೋ?

ಹಾವೇರಿ ಕಡೆಯ ಓದುಗರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಹಗಲು ಗ್ಯಾರೇಜಿನಲ್ಲಿ ಸ್ಪ್ಯಾನರು, ರಾತ್ರಿ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪಿನ ಮುಂದೆ ಸಂಗೀತ. ಒಂದು ಟ್ಯೂನ್ ಕಟ್ಟಿ ತಾವೇ ಹಾಡಿದ್ದಾರೆ. ಗಾಂಧಿನಗರದಲ್ಲಿ ಸಂಗೀತ ನಿರ್ದೇಶಕರೊಬ್ಬರ ಅಸಿಸ್ಟೆಂಟು, "ತಿಂಗಳ ಕೊನೆಯೊಳಗೆ ಕಳಿಸು, ಕೇಳಿ ನೋಡ್ತೀವಿ" ಅಂದಿದ್ದಾರಂತೆ. ಇಂಥ ಮಾತು ಎಲ್ಲರಿಗೂ ಸಿಗುತ್ತದೆಯೇ? ಆದರೆ ಹಾಡು ಕೇಳಿದ ಗೆಳೆಯರ ಬಳಗದ ತೀರ್ಪು ಏನು ಗೊತ್ತೇ? "ಕಂಠ ಪರವಾಗಿಲ್ಲ ಕಣೋ, ತಾಳಜ್ಞಾನವೇ ಇಲ್ಲ!" ಪಾಪ, ಊರ ಭಜನೆಯಲ್ಲಿ ಹತ್ತು ವರ್ಷ ತಾಳ ಹಾಕಿದ ಮನುಷ್ಯ! ಈಗ ಕೇಳುತ್ತಿದ್ದಾರೆ: "ಹಾಡೋದು ಬಿಟ್ಟುಬಿಡಲೇ? ಇಲ್ಲಾ ಬೈಕ್ ಮಾರಿ ಹೊಸ ಲ್ಯಾಪ್‌ಟಾಪ್ ತಗೊಳ್ಳಲೇ?"

ಎರಡೂ ಬೇಡ ಸ್ವಾಮಿ. ನಿಮ್ಮ ಕಾಗದದ ಮೂರನೇ ಪುಟದಲ್ಲೇ ಕಳ್ಳ ಸಿಕ್ಕಿಬಿದ್ದಿದ್ದಾನೆ. "ಬ್ಲೂಟೂತ್ ಇಯರ್‌ಫೋನ್ ಹಾಕ್ಕೊಂಡು ಹಾಡ್ತೀನಿ" ಅಂತ ಬರೆದಿದ್ದೀರಲ್ಲ, ಅವನೇ! ಲ್ಯಾಪ್‌ಟಾಪಿನಲ್ಲಿ ತಬಲಾ ಪೆಟ್ಟು ಬಿದ್ದ ಮೇಲೆ ಬ್ಲೂಟೂತ್ ದಾರಿ ಹಿಡಿದು ನಿಮ್ಮ ಕಿವಿಗೆ ಬರುವಷ್ಟರಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ, ಐದನೇ ಒಂದು ಭಾಗ, ಕೆಲವದರಲ್ಲಿ ಅದಕ್ಕೂ ಹೆಚ್ಚು ಹೊತ್ತು ಕಳೆದಿರುತ್ತದೆ. ನೀವು ಕೇಳಿಸಿದ ಪೆಟ್ಟಿಗೆ ಸರಿಯಾಗಿಯೇ ಹಾಡುತ್ತೀರಿ. ಆದರೆ ಅಷ್ಟರಲ್ಲಿ ಟ್ರ್ಯಾಕು ಮುಂದೆ ಹೋಗಿ ಆಗಿದೆ! ನಿಮಿಷಕ್ಕೆ 120 ಪೆಟ್ಟಿನ ಹಾಡಿನಲ್ಲಿ ಒಂದು ಪೆಟ್ಟಿನಿಂದ ಇನ್ನೊಂದಕ್ಕೆ ಅರ್ಧ ಸೆಕೆಂಡು. ಅದರಲ್ಲಿ ಐದನೇ ಒಂದು ಸೆಕೆಂಡ್ ಹಿಂದೆ ಬಿದ್ದರೆ ಯಾವ ದೊಡ್ಡ ಗಾಯಕ ಹಾಡಿದರೂ ತಾಳಗೇಡಿ ಅನ್ನಿಸಿಕೊಳ್ಳಬೇಕು. ಸಾಲದ್ದಕ್ಕೆ ಬ್ಲೂಟೂತಿನ ಮೈಕನ್ನೂ ಬಳಸಿದರೆ ಧ್ವನಿ ಟೆಲಿಫೋನಿನಲ್ಲಿ ಮಾತಾಡಿದ ಹಾಗೆ ಬಡವಾಗುತ್ತದೆ. ವೈರಿನ ಇಯರ್‌ಫೋನ್ ಹಾಕಿ ಹಾಡಿ, ಮುಗೀತು.

ಗೆಳೆಯರು ಆಗಲೂ ನಂಬಲಿಲ್ಲವೇ? ಹಾಗಾದರೆ ಮೆಷೀನಿಗೇ ತಾಳದ ಪರೀಕ್ಷೆ ಇಡಿ. ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಬರೀ 'ಟಿಕ್ ಟಿಕ್' ಟ್ರ್ಯಾಕ್ ಹಾಕಿ, ಇಯರ್‌ಫೋನನ್ನು ಮೈಕಿನ ಬಾಯಿಗೆ ಹಿಡಿದು ಇನ್ನೊಂದು ಟ್ರ್ಯಾಕಿಗೆ ರೆಕಾರ್ಡ್ ಮಾಡಿ. ಆಮೇಲೆ ಎರಡೂ ಟ್ರ್ಯಾಕುಗಳನ್ನು ಒಂದರ ಕೆಳಗೊಂದು ಇಟ್ಟು ದೊಡ್ಡದು ಮಾಡಿ ನೋಡಿ. ಮನುಷ್ಯ ತಪ್ಪಿದರೆ ಒಮ್ಮೆ ಮುಂದೆ, ಒಮ್ಮೆ ಹಿಂದೆ, ಒಂದೊಂದು ಸಲ ಒಂದೊಂದು ಥರ. ಮೆಷೀನ್ ತಪ್ಪಿದರೆ ಮೊದಲಿನಿಂದ ಕೊನೆಯವರೆಗೆ ಒಂದೇ ಅಳತೆ! ಆ ಅಳತೆಯನ್ನು ಸರಿಪಡಿಸಲು ಪುಕ್ಕಟೆ ಸಿಗುವ ಆಡಾಸಿಟಿಯಲ್ಲಿ 'ಲೇಟೆನ್ಸಿ ಕಾಂಪೆನ್ಸೇಷನ್' ಅಂತ ಒಂದು ಜಾಗವಿದೆ. ಅಲ್ಲಿ ಮೈನಸ್ 130 ಅಂತಿದ್ದು, ನಿಮ್ಮ ಟಿಕ್ ಇನ್ನೂ 40 ಮಿಲಿಸೆಕೆಂಡ್ ಹಿಂದೆ ಬೀಳುತ್ತಿದ್ದರೆ ಮೈನಸ್ 170 ಮಾಡಿ. ಕಾಸಿಲ್ಲ, ಖರ್ಚಿಲ್ಲ.

ಒಂದು ಕಾಲಕ್ಕೆ ಕನ್ನಡದ ಹಾಡಿನ ರೆಕಾರ್ಡಿಂಗ್ ಅಂದರೆ ಮದರಾಸಿಗೆ ರೈಲು ಹತ್ತಬೇಕಿತ್ತು. ವಾದ್ಯದವರೆಲ್ಲ ಒಟ್ಟಿಗೆ ಕೂತು ನುಡಿಸುವಾಗ ಒಬ್ಬ ಪಿಟೀಲಿನವನ ಬೆರಳು ಜಾರಿದರೂ ಮತ್ತೊಂದು ಟೇಕು. 1980ರ ದಶಕದಲ್ಲಿ ಶಂಕರ್‌ನಾಗ್ ಬೆಂಗಳೂರಿನಲ್ಲೇ ಸಂಕೇತ್ ಸ್ಟುಡಿಯೋ ತೆರೆದರು. ಆದರೂ ಅಲ್ಲಿ, ಇಲ್ಲಿ, ಎಲ್ಲೇ ಆಗಲಿ, ಗಾಜಿನ ಹಿಂದೆ ಒಬ್ಬ ರೆಕಾರ್ಡಿಸ್ಟ್ ಕೂತು ಇದನ್ನೆಲ್ಲ ನೋಡಿಕೊಳ್ಳುತ್ತಿದ್ದ. ಈಗ ಹಾಡುವವನೂ ನೀವೇ, ಗಾಜಿನ ಹಿಂದೆ ಇರುವವನೂ ನೀವೇ. ಆದ್ದರಿಂದಲೇ ಈ ಫಜೀತಿ.

ಇನ್ನು ನಿಮ್ಮ ಎರಡನೇ ತಕರಾರು, ನಡುನಡುವೆ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ 'ಚಟಪಟ' ಶಬ್ದ. ಇದಕ್ಕೆ ಒಂದು ಟಾಕೀಸಿನ ಕತೆ ಹೇಳಬೇಕು. ಹಿಂದೆ ಒಂದೇ ಪ್ರಿಂಟನ್ನು ಎರಡು ಟಾಕೀಸಿನಲ್ಲಿ ಓಡಿಸುತ್ತಿದ್ದರು. ಇಲ್ಲಿ ರೀಲು ಮುಗಿಯುತ್ತಿದ್ದ ಹಾಗೆ ಹುಡುಗ ಡಬ್ಬ ಹೊತ್ತು ಸೈಕಲ್ ತುಳಿದು ಅಲ್ಲಿಗೆ ಒಯ್ಯಬೇಕು. ಅವನು ತಡಮಾಡಿದರೆ ಅಲ್ಲಿ ಪರದೆ ಖಾಲಿ, ಗಾಂಧಿ ಕ್ಲಾಸಿನಿಂದ ಶಿಳ್ಳೆ! ಎರಡನೇ ಟಾಕೀಸಿನ ಆಟ ಅರ್ಧ ಗಂಟೆ ತಡವಾಗಿ ಶುರುಮಾಡಿದರೆ ಹುಡುಗನಿಗೆ ಪುರಸತ್ತು. ಆದರೆ ಜನ ಕಾಯಬೇಕು.

ಲ್ಯಾಪ್‌ಟಾಪಿನ 'ಬಫರ್' ಅಂದರೆ ಇದೇ ಪುರಸತ್ತು. ಸೆಕೆಂಡಿಗೆ 44,100 ತುಣುಕಿನಂತೆ ಧ್ವನಿ ಹೋಗುವಾಗ 128 ತುಣುಕಿನ ಬಫರ್ ಅಂದರೆ ಸುಮಾರು 3 ಮಿಲಿಸೆಕೆಂಡ್ ಬಿಡುವು, 1024 ಅಂದರೆ ಸುಮಾರು 23. ಬಿಡುವು ಸಣ್ಣದಾದರೆ ಸೈಕಲ್ ಹುಡುಗ ಸೋಲುತ್ತಾನೆ, ಪರದೆ ಖಾಲಿಯಾದ ಕ್ಷಣವೇ ನಿಮ್ಮ ಚಟಪಟ. ದೊಡ್ಡದಾದರೆ ನಿಮ್ಮ ಧ್ವನಿ ನಿಮ್ಮ ಕಿವಿಗೇ ತಡವಾಗಿ ಬರುತ್ತದೆ. ಹಾಡುವಾಗ 128 ಅಥವಾ 256 ಇಟ್ಟು ನೋಡಿ, ಹಾಡಿ ಮುಗಿದು ಮಿಕ್ಸಿಂಗಿಗೆ ಕೂತಾಗ 1024ಕ್ಕೆ ಏರಿಸಿ. ಹುಡುಗನ ದಾರಿಯಲ್ಲಿ ಅಡ್ಡ ಬರುವವರನ್ನೂ ಓಡಿಸಬೇಕು: ವೈ-ಫೈ ಆರಿಸಿ, ಬ್ರೌಸರ್ ಮುಚ್ಚಿ, ಪವರ್ ಉಳಿಸುವ ಸೆಟ್ಟಿಂಗ್ ತೆಗೆಯಿರಿ. ವಿಂಡೋಸ್ ಆದರೆ ಆಡಿಯೋ ಇಂಟರ್‌ಫೇಸಿನ ಕಂಪನಿಯವರದೇ ಏಸಿಯೋ ಡ್ರೈವರ್ ಹಾಕಿ. ಇಂಟರ್‌ಫೇಸ್ ಇಲ್ಲವೇ? ಏಸಿಯೋ ಫಾರ್ ಆಲ್ ಅಂತ ಪುಕ್ಕಟೆ ಡ್ರೈವರ್ ಇದೆ, ಆದರೆ ಅದನ್ನು ಆಡಾಸಿಟಿಯಲ್ಲಿ ಹುಡುಕಬೇಡಿ, ಏಸಿಯೋ ಒಪ್ಪುವ ಬೇರೆ ಸಾಫ್ಟ್‌ವೇರ್ ಬೇಕು.

ನಿಮ್ಮ ಶ್ರುತಿಪೆಟ್ಟಿಗೆಯ ನಾದ ಶುರುವಿನಲ್ಲಿ ಕೇಳಿಸಿ ಆಮೇಲೆ ಮಾಯವಾಗುವುದು ಭೂತದ ಕೆಲಸವಲ್ಲ. ಲ್ಯಾಪ್‌ಟಾಪಿನಲ್ಲಿ ಗದ್ದಲ ಕಳೆಯುವ ಏರ್ಪಾಟು ಇರುತ್ತದೆ. ಅದರ ಬುದ್ಧಿಗೆ ಒಂದೇ ಸಮನೆ ಬರುವುದೆಲ್ಲ ಫ್ಯಾನಿನ ಸದ್ದು! ಷಡ್ಜವನ್ನೂ ಫ್ಯಾನ್ ಅಂದುಕೊಂಡು ನುಂಗಿಬಿಡುತ್ತದೆ. ಮೈಕಿನ ಸೆಟ್ಟಿಂಗಿನಲ್ಲಿ 'ಎನ್‌ಹ್ಯಾನ್ಸ್‌ಮೆಂಟ್' ಅಂತಿರುವುದನ್ನು ಆಫ್ ಮಾಡಿ.

ಕೊನೆಗೆ ಆ 'ಗುಂಯ್' ಶಬ್ದ. ಇದನ್ನು ಮಾತ್ರ ತಮಾಷೆಯಾಗಿ ಹೇಳಲಾರೆ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ರೆಕಾರ್ಡ್ ಮಾಡಿ. ಗುಂಯ್ ನಿಂತರೆ ಅದು ನಮ್ಮ ಕರೆಂಟಿನ 50 ಸೈಕಲ್ ಸದ್ದು, ಚಾರ್ಜರ್ ಅಥವಾ ಅರ್ಥಿಂಗ್ ದಾರಿಯಲ್ಲಿ ಒಳಗೆ ಬರುತ್ತಿದೆ. ಬ್ಯಾಟರಿಯಲ್ಲೇ ಹಾಡಿ. ಪ್ಲಗ್ಗು ಹಾಕಲೇಬೇಕಾದರೆ ಲ್ಯಾಪ್‌ಟಾಪು, ಆಂಪ್ಲಿಫೈಯರು ಎಲ್ಲವನ್ನೂ ಒಂದೇ ಬೋರ್ಡಿಗೆ ಹಾಕಿ. ಯಾರೋ ಅಂಗಡಿಯವನು "ಅರ್ಥಿನ ಪಿನ್ನು ಮುರಿದುಬಿಡಿ, ಸದ್ದು ಹೋಗುತ್ತೆ" ಅಂದನಂತೆ. ಸದ್ದು ಹೋಗಬಹುದು ಮಾರಾಯರೇ, ಆದರೆ ಎಲ್ಲಾದರೂ ಕರೆಂಟು ಸೋರಿದರೆ ಲೋಹದ ಮೈಕ್ ಹಿಡಿದು ಹಾಡುವ ನೀವೂ ಹೋಗಬಹುದು! ಆ ಪಿನ್ನನ್ನು ಮುಟ್ಟಕೂಡದು.

ಕಳಿಸುವ ಮುಂಚೆ ಎರಡು ಮಾತು. ಮೀಟರ್ ಕೆಂಪು ಮುಟ್ಟದಂತೆ ಹಾಡಿ. ಒಮ್ಮೆ ಒಡೆದ ಧ್ವನಿಯನ್ನು ಆಮೇಲೆ ಸರಿಯಾಗಿ ಹೊಲಿಯಲು ಬರುವುದಿಲ್ಲ. ಮತ್ತೆ, ಸಿ.ಡಿ. ಲೆಕ್ಕ 44,100, ಸಿನಿಮಾದವರ ಲೆಕ್ಕ 48,000. ಮೊದಲನೆಯದರಲ್ಲಿ ಹಾಡಿದ್ದನ್ನು ಸರಿಯಾಗಿ ಬದಲಾಯಿಸದೆ ಎರಡನೆಯದರಲ್ಲಿ ಓಡಿಸಿದರೆ ಹಾಡು ನೂರಕ್ಕೆ ಸುಮಾರು 9ರಷ್ಟು ಜೋರಾಗಿ ಓಡುತ್ತದೆ, ಶ್ರುತಿಯೂ ಕರಿ ಬಿಳಿ ಸೇರಿಸಿ ಎಣಿಸಿದರೆ ಹಾರ್ಮೋನಿಯಂನ ಒಂದೂವರೆ ಮನೆಯಷ್ಟು ಮೇಲೇರುತ್ತದೆ. ಸಿನಿಮಾದವರಿಗೆ ಕಳಿಸುವುದಾದ್ದರಿಂದ ಮೊದಲೇ 48,000ಕ್ಕೆ ಇಟ್ಟು ಹಾಡಿ, ವೇವ್ ಫೈಲನ್ನೇ ಕಳಿಸಿ. ಹಾಡಿಲ್ಲದ ಬರೀ ವಾದ್ಯದ ಟ್ರ್ಯಾಕನ್ನೂ ಜೊತೆಗಿಡಿ. ಅವರಿಗೆ ಟ್ಯೂನ್ ಹಿಡಿಸಿ ಬೇರೆ ಕಂಠ ಬೇಕೆನಿಸಿದರೆ ಅದೇ ಕೇಳುತ್ತಾರೆ.

ಕೀಬೋರ್ಡ್ ಕೊಳ್ಳುವ ಬಗ್ಗೆ ಬರೆದಿರುವ ಗಂಗಾವತಿ, ತಿಪಟೂರಿನ ಗೆಳೆಯರಿಗೆ ಉತ್ತರ ಮುಂದಿನ ವಾರ.